ಗಾಜು ನಿಂತಿದೆ, ಸೋಡಿಯಂ ನಡೆಯುತ್ತಿದೆ

ಗಾಜಿನ ಬಗ್ಗೆ ಓದುಗರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಗಾಜು ನಿಜವಾಗಿ ದ್ರವವಂತೆ, ಹಳೆಯ ಕಿಟಕಿಗಳಲ್ಲಿ ಅದು ಮೆಲ್ಲಗೆ ಕೆಳಗಿಳಿದು ಬುಡದಲ್ಲಿ ದಪ್ಪಗಾಗಿರುತ್ತದಂತೆ, ಹೌದೇ ಎನ್ನುವುದು ಒಂದು. ಮೊಬೈಲ್ ಫೋನಿನ ಗಾಜು ಒಂದು ಮಿಲಿಮೀಟರ್ ಕೂಡ ದಪ್ಪವಿಲ್ಲ, ಕೈಜಾರಿ ನೆಲಕ್ಕೆ ಬಿದ್ದರೂ ಎಷ್ಟೋ ಸಲ ಏನೂ ಆಗುವುದಿಲ್ಲ, ಹೇಗೆ ಎನ್ನುವುದು ಇನ್ನೊಂದು. ಈಚೆಗೆ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿಯೊಬ್ಬಳು ಮೂರನೆಯದನ್ನು ಸೇರಿಸಿದಳು: ‘ಗಾಜಿನ ಮೇಲೆ ನ್ಯಾನೋ ಗಾತ್ರದ ಚಿತ್ತಾರ ಮೂಡಿಸುತ್ತಾರಂತೆ ಸರ್, ಅಷ್ಟು ಸಣ್ಣದನ್ನು ಯಾವುದರಿಂದ ಕೆತ್ತುತ್ತಾರೆ?’ ಮೂರನ್ನೂ ಬೇರೆ ಬೇರೆಯಾಗಿ ಉತ್ತರಿಸಬೇಕಿಲ್ಲ. ಗಾಜಿನೊಳಗೆ ಏನು ಚಲಿಸುತ್ತದೆ, ಏನು ಚಲಿಸುವುದಿಲ್ಲ ಎಂದು ತಿಳಿದರೆ ಸಾಕು, ಮೂರೂ ಬಿಡಿಸಿಕೊಳ್ಳುತ್ತವೆ.

ಹಳೆಯ ಕಿಟಕಿಯ ಕಥೆ ಸುಳ್ಳು. ಪಿಯುಸಿ ರಸಾಯನಶಾಸ್ತ್ರದ ಪಠ್ಯದಲ್ಲೂ ಅದು ಬಹುಕಾಲ ಉಳಿದುಕೊಂಡಿತ್ತು, ಆದ್ದರಿಂದ ನಂಬಿದವರನ್ನು ದೂರುವಂತಿಲ್ಲ. ಹಿಂದಿನ ಕಾಲದಲ್ಲಿ ಗಾಜನ್ನು ಊದಿ, ತಿರುಗಿಸಿ ಹಾಳೆ ಮಾಡುತ್ತಿದ್ದರು. ಹಾಳೆ ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ. 1998ರಲ್ಲಿ ಬ್ರೆಜಿಲ್‌ನ ಎಡ್ಗರ್ ಜನೊಟ್ಟೊ ಲೆಕ್ಕ ಹಾಕಿ, ಕೋಣೆಯ ತಾಪಮಾನದಲ್ಲಿ ಚರ್ಚಿನ ಗಾಜು ಹರಿದು ಇಳಿಯಲು ವಿಶ್ವದ ಈವರೆಗಿನ ಆಯಸ್ಸೂ ಸಾಲದು ಎಂದು ತೋರಿಸಿದರು. ಆಮೇಲೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಮಧ್ಯಯುಗದ ಗಾಜಿನ ಹದವನ್ನೇ ಮರಳಿ ತಯಾರಿಸಿ ಅಳೆದವರಿಗೆ ಸಿಕ್ಕ ಉತ್ತರ ಇನ್ನೂ ಖಚಿತ: ನೂರು ಕೋಟಿ ವರ್ಷ ಕಾದರೆ ಹೆಚ್ಚೆಂದರೆ ಒಂದು ನ್ಯಾನೋಮೀಟರ್ ಇಳಿದೀತು. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗ ನ್ಯಾನೋಮೀಟರ್. ಅಂದರೆ ಗಾಜು ನಿಂತಿದೆ.

ಆದರೆ ಗಾಜಿನಲ್ಲಿರುವುದೆಲ್ಲವೂ ನಿಂತಿಲ್ಲ. ಕಿಟಕಿಗೆ ಹಾಕುವ ಸಾಮಾನ್ಯ ಗಾಜಿನ ತೂಕದಲ್ಲಿ ಶೇ. 70ಕ್ಕಿಂತ ಹೆಚ್ಚು ಸಿಲಿಕಾ, ಅಂದರೆ ಮರಳಿನ ಸಾರ. ಸಿಲಿಕಾನ್ ಪರಮಾಣುವೊಂದು ನಾಲ್ಕು ಆಮ್ಲಜನಕಗಳ ನಡುವೆ ಕುಳಿತು, ಆ ಆಮ್ಲಜನಕಗಳ ಮೂಲಕ ಪಕ್ಕದ ಸಿಲಿಕಾನುಗಳನ್ನು ಹಿಡಿದು, ಅಂಕುಡೊಂಕಾದ ಜಾಲವೊಂದು ಎಲ್ಲ ದಿಕ್ಕಿಗೂ ಹಬ್ಬಿರುತ್ತದೆ. ಶುದ್ಧ ಸಿಲಿಕಾ ಕರಗಲು 1,700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಷ್ಟು ಬೆಂಕಿ ಒದಗಿಸುವುದು ಕಷ್ಟ ಎಂದೇ ಮನುಷ್ಯ ಬಹಳ ಹಿಂದೆಯೇ ಮರಳಿಗೆ ಸೋಡಾ ಬೆರೆಸಲು ಕಲಿತ. ಸೋಡಾದಿಂದ ಬಂದ ಸೋಡಿಯಂ ಆಕ್ಸೈಡ್ ಜಾಲವನ್ನು ಅಲ್ಲಲ್ಲಿ ಕಡಿಯುತ್ತದೆ, ಗಾಜು ಕಡಿಮೆ ಬಿಸಿಗೇ ಕರಗುತ್ತದೆ. ಕಡಿದ ತುದಿಯ ಆಮ್ಲಜನಕದಲ್ಲಿ ಋಣ ವಿದ್ಯುದಾವೇಶ ಉಳಿಯುತ್ತದೆ, ಅದರ ಹತ್ತಿರ ಧನ ಆವೇಶದ ಸೋಡಿಯಂ ಅಯಾನು ನೆಲೆಸುತ್ತದೆ. ಜಾಲದ ಕಟ್ಟು ಗಟ್ಟಿ, ಸೋಡಿಯಂನ ಕಟ್ಟು ಸಡಿಲ. ತಾಪದಿಂದ ಸದಾ ನಡುಗುತ್ತಿರುವ ಆ ಅಯಾನು ಸಂದು ಸಿಕ್ಕಾಗ ಪಕ್ಕದ ಖಾಲಿ ಜಾಗಕ್ಕೆ ಜಿಗಿಯುತ್ತದೆ. ನಿಮ್ಮ ಮನೆಯ ಕಿಟಕಿಯಲ್ಲಿ ಈಗಲೂ ಅದು ಜಿಗಿಯುತ್ತಿದೆ, ತೀರಾ ನಿಧಾನವಾಗಿ, ದಿಕ್ಕುದೆಸೆಯಿಲ್ಲದೆ. ಬಿಸಿ ಏರಿದಂತೆ ಜಿಗಿತ ಎಷ್ಟೋ ಪಟ್ಟು ಹೆಚ್ಚುತ್ತದೆ. ಜೊತೆಗೆ ವಿದ್ಯುತ್ ಒತ್ತಡವನ್ನೂ ಕೊಟ್ಟರೆ ಜಿಗಿತಕ್ಕೊಂದು ದಿಕ್ಕು ಸಿಗುತ್ತದೆ.

ಇದನ್ನು ಮೊದಲು ಅಚ್ಚುಕಟ್ಟಾಗಿ ತೋರಿಸಿಕೊಟ್ಟವರು ಜರ್ಮನಿಯ ಎಮಿಲ್ ವಾರ್‌ಬುರ್ಗ್, 1884ರಲ್ಲಿ. ಕಾಯಿಸಿದ ಗಾಜಿನ ಒಂದು ಬದಿಗೆ ಪಾದರಸದಲ್ಲಿ ಬೆರೆಸಿದ ಸೋಡಿಯಂ, ಇನ್ನೊಂದು ಬದಿಗೆ ಪಾದರಸ ಇಟ್ಟು ವಿದ್ಯುತ್ ಹರಿಸಿದರು. ಸೋಡಿಯಂ ಗಾಜನ್ನು ಹಾದು ಆಚೆ ಬದಿಗೆ ಬಂತು, ಗಾಜು ಮಾತ್ರ ಹಾಗೆಯೇ ಇತ್ತು. ಧನ ಬದಿಯಲ್ಲಿ ಸೋಡಿಯಂ ಇಲ್ಲದ ಬರೀ ಪಾದರಸ ಇಟ್ಟಾಗ ಕಂಡದ್ದು ಇನ್ನೊಂದು ಸಂಗತಿ: ಆ ಬದಿಯ ಮೇಲ್ಮೈಯಿಂದ ಸೋಡಿಯಂ ಹೊರಟುಹೋಗಿ, ತೆಳುವಾದ ಒಂದು ಪದರ ಖಾಲಿಯಾಯಿತು, ವಿದ್ಯುತ್ ಹರಿವು ಕುಸಿಯಿತು. ಆ ಖಾಲಿ ಪದರವನ್ನು ನೆನಪಿಟ್ಟುಕೊಳ್ಳಿ. ನ್ಯಾನೋ ಚಿತ್ತಾರದ ಕಥೆ ಶುರುವಾಗುವುದೇ ಅಲ್ಲಿಂದ.

ಇದೇ ಸಾಲಿನ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. 1925ರಲ್ಲಿ ಅಮೆರಿಕದ ರಾಬರ್ಟ್ ಬರ್ಟ್ ಒಂದು ವಿದ್ಯುತ್ ಬಲ್ಬಿನ ಬುಡವನ್ನು ಕರಗಿದ ಸೋಡಿಯಂ ನೈಟ್ರೇಟ್ ಉಪ್ಪಿನಲ್ಲಿ ಮುಳುಗಿಸಿದರು. ಬಲ್ಬಿನೊಳಗಿನ ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಟು ಗಾಜಿನ ಒಳಗೋಡೆಗೆ ಬಡಿಯುತ್ತಿದ್ದವು. ಗೋಡೆಯಲ್ಲಿದ್ದ ಸೋಡಿಯಂ ಅಯಾನು ಎಲೆಕ್ಟ್ರಾನನ್ನು ಪಡೆದು ಸೋಡಿಯಂ ಲೋಹವಾಗುತ್ತಿತ್ತು. ಅದರ ಜಾಗಕ್ಕೆ ಹಿಂದಿನ ಸೋಡಿಯಂ, ಅದರ ಜಾಗಕ್ಕೆ ಹೊರಗಿನ ಉಪ್ಪಿನದು. ಹೀಗೆ ಮುಚ್ಚಿದ ಬಲ್ಬಿನೊಳಗೆ, ಎಲ್ಲೂ ತೂತಿಲ್ಲದೆ, ಅಪ್ಪಟ ಸೋಡಿಯಂ ಲೋಹ ಕನ್ನಡಿಯಂತೆ ಹೊಳೆಯುತ್ತ ಶೇಖರವಾಯಿತು. ಗಾಜು ಘನವೋ ದ್ರವವೋ ಎಂದು ತರಗತಿಯಲ್ಲಿ ವಾದ ಮಾಡಿಸುವ ಬದಲು ಈ ಒಂದು ಬಲ್ಬಿನ ಕಥೆ ಹೇಳಿದರೆ ಮಕ್ಕಳಿಗೆ ಗಾಜು ಅರ್ಥವಾಗುತ್ತದೆ ಎಂದು ನಾನು ನಂಬಿದ್ದೇನೆ.

ಈಗ ಫೋನಿನ ವಿಷಯ. ಗಾಜಿನಂಗಡಿಯಲ್ಲಿ ಹಾಳೆ ಕತ್ತರಿಸುವುದನ್ನು ನೋಡಿದ್ದೀರಾ? ಅಂಗಡಿಯವರು ಅಳತೆಪಟ್ಟಿ ಇಟ್ಟು, ಸಣ್ಣ ಚಕ್ರದ ಕಟ್ಟರಿನಿಂದ ಒಂದೇ ಗೀರು ಎಳೆಯುತ್ತಾರೆ. ಕರ್ರ್ ಎಂಬ ಸದ್ದು. ಗೀರಿನ ಎರಡೂ ಪಕ್ಕ ಹಿಡಿದು ತುಸು ಬಗ್ಗಿಸಿದರೆ ಹಾಳೆ ಅಲ್ಲಿಯೇ ಎರಡಾಗುತ್ತದೆ. ಗೀರಿನ ಆಳ ಹಾಳೆಯ ದಪ್ಪದ ಅಲ್ಪ ಭಾಗವಷ್ಟೆ. ಗಾಜು ಒಡೆಯುವುದು ಮೇಲ್ಮೈಯ ಗೀರಿನಿಂದ, ಬಗ್ಗಿಸಿದಾಗ ಗೀರಿನ ತುದಿಯಲ್ಲಿ ಎಳೆತವೆಲ್ಲ ಒಟ್ಟುಗೂಡುವುದರಿಂದ. ಇಂಗ್ಲೆಂಡಿನ ಎ.ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳು ಇದೇ. ಹಾಗಾದರೆ ಗಾಜನ್ನು ಗಟ್ಟಿ ಮಾಡಲು ಇಡೀ ಹಾಳೆಯನ್ನು ಬದಲಿಸಬೇಕಿಲ್ಲ, ಮೇಲ್ಮೈಯ ಗೀರು ಬಾಯಿ ಬಿಡದಂತೆ ಎರಡೂ ಕಡೆಯಿಂದ ಒತ್ತಿ ಹಿಡಿದರೆ ಸಾಕು.

ಒತ್ತಿ ಹಿಡಿಯುವ ಕೆಲಸ ಮಾಡುವುದು ಪೆಟ್ಲುಪ್ಪು. ಪಟಾಕಿ ಮದ್ದಿಗೆ ಬೆರೆಸುವ ಪೊಟ್ಯಾಸಿಯಂ ನೈಟ್ರೇಟ್ ಅದೇ. ಅದನ್ನು ಸುಮಾರು 400 ಡಿಗ್ರಿಗೆ ಕಾಯಿಸಿ ಕರಗಿಸಿ, ಗಾಜನ್ನು ಅದರಲ್ಲಿ ಗಂಟೆಗಟ್ಟಲೆ ಮುಳುಗಿಸಿಡುತ್ತಾರೆ. ಗಾಜಿನಿಂದ ಸೋಡಿಯಂ ಹೊರಬರುತ್ತದೆ, ಅದು ಬಿಟ್ಟ ಜಾಗಕ್ಕೆ ಉಪ್ಪಿನಿಂದ ಪೊಟ್ಯಾಸಿಯಂ ಹೋಗುತ್ತದೆ. ಸೋಡಿಯಂ ಅಯಾನಿನ ತ್ರಿಜ್ಯ ಸುಮಾರು 0.10 ನ್ಯಾನೋಮೀಟರ್, ಪೊಟ್ಯಾಸಿಯಂನದು ಸುಮಾರು 0.14. ಮೂರು ಜನರ ಸೀಟಿನಲ್ಲಿ ಮೂವರು ಸಣಕಲರು ಎದ್ದು ಹೋಗಿ ಮೂವರು ದಢೂತಿ ಆಸಾಮಿಗಳು ಬಂದು ಕೂತರೆ ಕೆಂಪು ಬಸ್ಸಿನಲ್ಲಿ ಏನಾಗುತ್ತದೋ ಗಾಜಿನ ಮೇಲ್ಮೈಯಲ್ಲೂ ಅದೇ ಆಗುತ್ತದೆ. ಎಲ್ಲರೂ ಒಬ್ಬರನ್ನೊಬ್ಬರು ಒತ್ತುತ್ತಾರೆ, ನಡುವೆ ಸಂದು ಉಳಿಯುವುದಿಲ್ಲ. ಗಾಜಿನ ಜಾಲ ಆ ಬಿಸಿಯಲ್ಲೂ ಮೆತ್ತಗಾಗದ್ದರಿಂದ ಆ ಒತ್ತಡ ಕರಗಿಹೋಗದೆ ಅಲ್ಲೇ ಉಳಿಯುತ್ತದೆ. ಒತ್ತಡದ ಪದರ ಇರುವುದು ಹತ್ತಾರು ಮೈಕ್ರೋಮೀಟರ್ ಆಳದವರೆಗೆ ಮಾತ್ರ. ಅದಕ್ಕಿಂತ ಆಳದ ಗೀರು ಬಿದ್ದರೆ ರಕ್ಷಣೆ ಮುಗಿಯಿತು. ಮರಳಿನ ಕಣದ ಮೇಲೆ ಬಿದ್ದ ಫೋನು ಒಡೆಯುವುದು, ನುಣುಪು ನೆಲಕ್ಕೆ ಬಿದ್ದದ್ದು ಉಳಿಯುವುದು ಹೀಗೆ.

ಈ ವಿಧಾನವನ್ನು ಅಮೆರಿಕದ ಸ್ಯಾಮುಯೆಲ್ ಕಿಸ್ಲರ್ 1962ರ ಲೇಖನವೊಂದರಲ್ಲಿ ವಿವರಿಸಿದರು. ಅದೇ ಕಾಲದಲ್ಲಿ ಕಾರ್ನಿಂಗ್ ಕಂಪನಿ ಕೆಮ್‌ಕಾರ್ ಎಂಬ ಹೆಸರಿನಲ್ಲಿ ಇಂಥ ಗಾಜನ್ನು ತಯಾರಿಸಿತು, ಅದಕ್ಕೆ ದೊಡ್ಡ ಮಾರುಕಟ್ಟೆ ಸಿಗಲಿಲ್ಲ. 2007ರಲ್ಲಿ ಐಫೋನ್ ಬಂದಾಗ ಆ ಹಳೆಯ ವಿದ್ಯೆ ಗೊರಿಲ್ಲಾ ಗ್ಲಾಸ್ ಆಗಿ ಹೊರಬಂತು. ಅಂದಹಾಗೆ, ಅಂಗಡಿಗಳಲ್ಲಿ ಫೋನಿಗೆ ಅಂಟಿಸುವ ಗಾಜಿನ ಮೇಲೆ ‘9ಎಚ್’ ಎಂದು ಬರೆದಿರುತ್ತದಲ್ಲ, ಅದು ಪೆನ್ಸಿಲ್ಲಿನಿಂದ ಗೀರಿ ನೋಡುವ ಪರೀಕ್ಷೆಯ ಅಂಕಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದ 9 ಅಲ್ಲ. ಮರಳು ಅದನ್ನೂ ಗೀರುತ್ತದೆ.

ಒಂದು ಅಯಾನನ್ನು ಹೊರಗೆ ಕಳಿಸಿ ಇನ್ನೊಂದನ್ನು ಒಳಗೆ ತರುವ ಈ ಕೆಲಸ ಬಹಳ ಹಳೆಯದು. 14ನೇ ಶತಮಾನದ ಆರಂಭದಿಂದ ಯುರೋಪಿನ ಚರ್ಚುಗಳ ಕಿಟಕಿಗಳಲ್ಲಿ ಹೊಸದೊಂದು ಹಳದಿ ಕಾಣಿಸಿಕೊಳ್ಳುತ್ತದೆ, ಸಂತರ ತಲೆಯ ಸುತ್ತಿನ ಪ್ರಭೆಯಲ್ಲಿ, ದೇವತೆಗಳ ಕೂದಲಿನಲ್ಲಿ. ಬೆಳ್ಳಿಯ ಸಂಯುಕ್ತವನ್ನು ಜೇಡಿಯಲ್ಲಿ ಕಲಸಿ ಗಾಜಿನ ಮೇಲೆ ಬಳಿದು ಕುಲುಮೆಯಲ್ಲಿಡುತ್ತಿದ್ದರು. ತಣಿದ ಮೇಲೆ ಜೇಡಿಯನ್ನು ಉಜ್ಜಿ ತೆಗೆದರೆ ಬಳಿದಷ್ಟು ಜಾಗ ಮಾತ್ರ ಹಳದಿ. ಬೆಳ್ಳಿಯ ಅಯಾನು ಗಾಜಿನ ಸೋಡಿಯಂ ಇಲ್ಲವೇ ಪೊಟ್ಯಾಸಿಯಂನ ಜಾಗಕ್ಕೆ ಹೋಗಿ, ಒಳಗೆ ಎಲೆಕ್ಟ್ರಾನ್ ಪಡೆದು, ಕೆಲವೇ ನ್ಯಾನೋಮೀಟರ್ ಗಾತ್ರದ ಬೆಳ್ಳಿಯ ಕಣಗಳಾಗಿ ಗುಂಪುಗೂಡಿರುತ್ತದೆ. ಅಷ್ಟು ಸಣ್ಣ ಬೆಳ್ಳಿ ಕಣ ನೀಲಿ-ನೇರಳೆ ಬೆಳಕನ್ನು ಹೀರಿಕೊಳ್ಳುವುದರಿಂದ ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಆ ಕಸುಬುದಾರರಿಗೆ ಅಯಾನು ಗೊತ್ತಿರಲಿಲ್ಲ, ನ್ಯಾನೋ ಗೊತ್ತಿರಲಿಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ಕೈಗೆ ಗೊತ್ತಿತ್ತು. ನ್ಯಾನೋ ಎಂಬ ಪದ ಅಂಟಿಸಿದ್ದೆಲ್ಲ ನಿನ್ನೆ ಮೊನ್ನೆಯ ಆವಿಷ್ಕಾರ ಎನ್ನುವ ಪ್ರಚಾರ ಕೇಳಿದಾಗ ನನಗೆ ಇವರ ನೆನಪಾಗುತ್ತದೆ, ಬೇಸರವೂ ಆಗುತ್ತದೆ.

2004ರಲ್ಲಿ ಜರ್ಮನಿಯ ಹಾಲೆ ನಗರದ ವಿಜ್ಞಾನಿಗಳು ಇದೇ ಕೆಲಸವನ್ನು ಹಿಂದುಮುಂದಾಗಿ ಮಾಡಿದರು. ಬೆಳ್ಳಿ ಕಣಗಳಿಂದ ಬಣ್ಣ ಬಂದ ಗಾಜನ್ನು ಕಾಯಿಸಿ ಅದಕ್ಕೆ ಬಲವಾದ ವಿದ್ಯುತ್ ಒತ್ತಡ ಕೊಟ್ಟರು. ಕಣಗಳು ಮತ್ತೆ ಅಯಾನುಗಳಾಗಿ ಒಡೆದು ಗಾಜಿನ ಆಳಕ್ಕೆ ಸರಿದವು, ವಿದ್ಯುದಗ್ರ ಮುಟ್ಟಿದ ಜಾಗ ತಿಳಿಯಾಯಿತು. ಮುಟ್ಟಿದಲ್ಲಿ ಮಾತ್ರ ತಿಳಿ ಎಂದಮೇಲೆ ಮುಂದಿನ ಯೋಚನೆ ತಾನೇ ಬರುತ್ತದೆ. ವಿದ್ಯುದಗ್ರವನ್ನೇ ಅಚ್ಚು ಮಾಡಿಬಿಟ್ಟರೆ?

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಣ್ಣ ಸಣ್ಣ ಏಣುಗಳನ್ನು ಮೂಡಿಸಿದ, ವಿದ್ಯುತ್ ಹರಿಸಬಲ್ಲ ಒಂದು ಅಚ್ಚು ತಯಾರಿಸುತ್ತಾರೆ. ಅದನ್ನು ಸಾಮಾನ್ಯ ಗಾಜಿನ ಮೇಲೆ ಒತ್ತಿ, ಎರಡನ್ನೂ 250ರಿಂದ 300 ಡಿಗ್ರಿಗೆ ಕಾಯಿಸಿ, ಅಚ್ಚಿಗೆ ಕೆಲವು ನೂರು ವೋಲ್ಟ್ ಧನ ಒತ್ತಡ ಕೊಡುತ್ತಾರೆ. ಏಣು ಮುಟ್ಟಿದಲ್ಲೆಲ್ಲ ಸೋಡಿಯಂ ಕೆಳಗೆ ಓಡುತ್ತದೆ. ವಾರ್‌ಬುರ್ಗ್ ಕಂಡ ಅದೇ ಖಾಲಿ ಪದರ, ಈಗ ಗೆರೆ ಗೆರೆಯಾಗಿ. ಖಾಲಿಯಾದ ಜಾಗದಲ್ಲಿ ಜಾಲ ತನ್ನನ್ನು ತಾನು ಮರುಜೋಡಿಸಿಕೊಂಡು ಒತ್ತೊತ್ತಾಗುತ್ತದೆ, ಮೇಲ್ಮೈ ಅಲ್ಲಿ ಹತ್ತಾರು ನ್ಯಾನೋಮೀಟರ್ ತಗ್ಗುತ್ತದೆ. ಬಳಿಕ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆದರೆ ಸೋಡಿಯಂ ಇರುವ ಜಾಗ ಬೇಗ ಸವೆಯುತ್ತದೆ, ಇಲ್ಲದ ಜಾಗ ನಿಧಾನವಾಗಿ. ಅಚ್ಚಿನ ಚಿತ್ತಾರ ಉಬ್ಬು ತಗ್ಗಾಗಿ ಗಾಜಿನಲ್ಲಿ ನಿಲ್ಲುತ್ತದೆ. ಉಳಿ ಇಲ್ಲ, ಕೆತ್ತನೆ ಇಲ್ಲ. ಅಯಾನುಗಳನ್ನು ಬೇಕಾದಲ್ಲಿಂದ ಕದಲಿಸಿದ್ದಷ್ಟೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಆಂದ್ರೇ ಲಿಪೋವ್‌ಸ್ಕಿ ಮತ್ತು ಜೊತೆಗಾರರು ಈ ದಾರಿಯಲ್ಲಿ ಬಹಳ ಕೆಲಸ ಮಾಡಿದ್ದಾರೆ.

ಕಾಯಿಸಿ, ವಿದ್ಯುತ್ ಒತ್ತಡ ಕೊಟ್ಟು, ಒತ್ತಡ ತೆಗೆಯದೆ ತಣಿಸುವ ಈ ಕ್ರಮಕ್ಕೆ ಪ್ರಯೋಗಾಲಯದಲ್ಲಿ ಪೋಲಿಂಗ್ ಎನ್ನುತ್ತಾರೆ. ಇದರ ಇನ್ನೊಂದು ಫಲ ನನಗೆ ಚಿತ್ತಾರಕ್ಕಿಂತ ದೊಡ್ಡದಾಗಿ ತೋರುತ್ತದೆ. ಸೋಡಿಯಂ ಹೊರಟುಹೋದ ಪದರದಲ್ಲಿ ಋಣ ಆವೇಶ ಹಾಗೆಯೇ ಉಳಿದು, ಒಂದು ಮೈಕ್ರೋಮೀಟರ್‌ಗೆ ನೂರಾರು ವೋಲ್ಟ್‌ನಷ್ಟು ಕ್ಷೇತ್ರ ಗಾಜಿನೊಳಗೆ ಹೆಪ್ಪುಗಟ್ಟುತ್ತದೆ. 1991ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಮೈಯರ್ಸ್, ಮುಖರ್ಜಿ, ಬ್ರೂಕ್ ಎಂಬ ಮೂವರು ಹೀಗೆ ಸಿದ್ಧಪಡಿಸಿದ ಗಾಜಿಗೆ ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಹಾಯಿಸಿದಾಗ ಅದರಲ್ಲೊಂದಷ್ಟು ಹಸಿರು ಬೆಳಕಾಗಿ ಹೊರಬಂತು. ಬೆಳಕಿನ ಆವರ್ತನವನ್ನು ಹೀಗೆ ಇಮ್ಮಡಿಸುವುದು ಕೆಲವು ಬಗೆಯ ಹರಳುಗಳ ಗುಣ, ಸಾಮಾನ್ಯ ಗಾಜಿಗೆ ಅದು ಸಾಧ್ಯವಿಲ್ಲ. ಅವರು ಬಳಸಿದ್ದು ಬಹುಮಟ್ಟಿಗೆ ಶುದ್ಧ ಸಿಲಿಕಾ ಗಾಜು. ಅದರಲ್ಲಿ ಕಲ್ಮಶವಾಗಿ ಉಳಿದಿದ್ದ ಅತ್ಯಲ್ಪ ಸೋಡಿಯಂ ಸರಿದದ್ದೇ ಇಷ್ಟಕ್ಕೆಲ್ಲ ಸಾಕಾಯಿತು.

ಸೋಡಿಯಂ ಬಿಟ್ಟು ಬೆಳ್ಳಿಯನ್ನೇ ಓಡಾಡಿಸಿದರೆ ಇಷ್ಟು ಬಿಸಿಯೂ ಬೇಡ, ಇಷ್ಟು ವೋಲ್ಟೂ ಬೇಡ. ಬೆಳ್ಳಿಯ ಸಲ್ಫೈಡ್ ಕಾಯಿಸಿದರೆ ಹೆಚ್ಚು ವಿದ್ಯುತ್ ಹರಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1833ರಲ್ಲೇ ಗಮನಿಸಿದ್ದರು. ಬೆಳ್ಳಿಯ ಅಯೊಡೈಡ್ ಇನ್ನೂ ವಿಚಿತ್ರ. 147 ಡಿಗ್ರಿ ದಾಟಿತೆಂದರೆ ಅದರಲ್ಲಿನ ಅಯೊಡಿನ್ ನಿಂತಲ್ಲೇ ನಿಂತು, ಬೆಳ್ಳಿ ಮಾತ್ರ ದ್ರವದಲ್ಲಿದ್ದಂತೆ ಹರಿದಾಡುತ್ತದೆ; ಟುಬಾಂಟ್ ಮತ್ತು ಲೊರೆನ್ಜ್ ಇದನ್ನು ತೋರಿಸಿದ್ದು 1914ರಲ್ಲಿ. ಅದನ್ನು ಬೆಳ್ಳಿಯ ಫಾಸ್ಫೇಟ್ ಜೊತೆ ಕರಗಿಸಿ ಗಾಜು ಮಾಡಿದರೆ ಕೋಣೆಯ ತಾಪಮಾನದಲ್ಲೂ ಬೆಳ್ಳಿ ಸರಾಗವಾಗಿ ಓಡುತ್ತದೆ. ಇಂಥ ಗಾಜುಗಳಲ್ಲಿ ಅಯಾನು ಹೇಗೆ ಹಾದಿ ಹುಡುಕುತ್ತದೆ ಎಂಬ ಅಧ್ಯಯನಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆ ಸಣ್ಣದಲ್ಲ. ಅಲ್ಲಿನ ಕೆ.ಜೆ. ರಾವ್ ದಶಕಗಳ ಕಾಲ ಇದರಲ್ಲಿ ತೊಡಗಿದ್ದವರು. ಗಾಜುಗಳ ರಚನೆಯ ರಸಾಯನಶಾಸ್ತ್ರದ ಬಗ್ಗೆ 2002ರಲ್ಲಿ ಬಂದ ಅವರ ಪುಸ್ತಕವನ್ನು ಈ ವಿಷಯ ಓದಬೇಕೆನ್ನುವ ಎಂಎಸ್‌ಸಿ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲೇಬೇಕು.

2007ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲಾಸಿಡ್ ಫೆರೇರಾ, ನಿಕೊಲಸ್ ಫಾಂಗ್ ತಂಡ ಬೆಳ್ಳಿ ಸಲ್ಫೈಡಿನ ತುದಿಗೆ ಚಿತ್ತಾರ ಕೆತ್ತಿ ಅದನ್ನು ಮುದ್ರೆ ಮಾಡಿಕೊಂಡಿತು. ಮುದ್ರೆಯನ್ನು ತೆಳುವಾದ ಬೆಳ್ಳಿಯ ಪದರದ ಮೇಲೆ ಇಟ್ಟು, ಒಂದು ವೋಲ್ಟಿಗೂ ಕಡಿಮೆ ಒತ್ತಡ ಕೊಟ್ಟರೆ, ಮುಟ್ಟಿದಲ್ಲಿ ಬೆಳ್ಳಿ ಅಯಾನಾಗಿ ಮುದ್ರೆಯೊಳಗೆ ಹೊರಟುಹೋಗುತ್ತದೆ. ಮುಟ್ಟದಲ್ಲಿ ಉಳಿಯುತ್ತದೆ. 50 ನ್ಯಾನೋಮೀಟರ್‌ನಷ್ಟು ಸಣ್ಣ ವಿವರಗಳು ಹಾಗೆಯೇ ಮೂಡಿದವು. ದ್ರಾವಣವಿಲ್ಲ, ಆಮ್ಲವಿಲ್ಲ, ನಿರ್ವಾತ ಕೋಣೆಯಿಲ್ಲ. ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ಸಲ್ಫೈಡಿನ ಬದಲು ಮೇಲೆ ಹೇಳಿದ ಬೆಳ್ಳಿಯ ಗಾಜನ್ನೇ ಮುದ್ರೆ ಮಾಡಿದರು. ಗಾಜಾದ್ದರಿಂದ ಸ್ವಲ್ಪ ಕಾಯಿಸಿ ಅಚ್ಚಿಗೆ ಒತ್ತಿದರೆ ಮುದ್ರೆ ತಯಾರು, ಪ್ರತಿಯೊಂದನ್ನೂ ಕೆತ್ತಬೇಕಿಲ್ಲ. ಆ ಮೇಲೆ ಮುದ್ರೆಯನ್ನೂ ಬಿಟ್ಟು, ಗಾಜಿನ ಮೇಲೆ ನೇರವಾಗಿ ಎಲೆಕ್ಟ್ರಾನ್ ಕಿರಣದಿಂದ ಬರೆದರು. ಕಿರಣದ ಎಲೆಕ್ಟ್ರಾನುಗಳ ಕಡೆಗೆ ಗಾಜಿನೊಳಗಿನ ಬೆಳ್ಳಿ ತಾನಾಗಿ ಬಂದು, ಲೋಹವಾಗಿ ಮೇಲ್ಮೈಯಲ್ಲಿ ಕೂರುತ್ತದೆ. ಬರ್ಟ್ ಅವರ ಬಲ್ಬಿನಲ್ಲಿ ಸೋಡಿಯಂ ಮಾಡಿದ್ದನ್ನೇ ಇಲ್ಲಿ ಬೆಳ್ಳಿ ಮಾಡುತ್ತದೆ, ಗೆರೆ ಎಳೆದಷ್ಟು ಜಾಗದಲ್ಲಿ ಮಾತ್ರ.

ಇಷ್ಟು ಸಣ್ಣ ಬೆಳ್ಳಿಯ ಚಿತ್ತಾರ ಯಾರಿಗೆ ಬೇಕು? ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಬೆಳಕಿನ ಚದುರುವಿಕೆಯಿಂದ ಒಂದು ವಸ್ತು ಏನೆಂದು ಗುರುತಿಸಬಹುದು, ಆದರೆ ಆ ಬೆಳಕು ತೀರಾ ಕ್ಷೀಣ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, ಒರಟಾದ ಬೆಳ್ಳಿಯ ಮೇಲೆ ಅಂಟಿದ ಅಣುಗಳಿಂದ ಈ ಬೆಳಕು ಅನಿರೀಕ್ಷಿತವಾಗಿ ಜೋರಾಗಿ ಬರುವುದು ಕಂಡಿತು. ಬೆಳ್ಳಿಯ ಉಬ್ಬುಗಳ ನಡುವಿನ ಕೆಲವೇ ನ್ಯಾನೋಮೀಟರ್ ಸಂದುಗಳಲ್ಲಿ ಬೆಳಕಿನ ಕ್ಷೇತ್ರ ಹಿಗ್ಗುವುದರಿಂದ ಹಾಗಾಗುತ್ತದೆ. ಆ ಸಂದುಗಳನ್ನು ಅದೃಷ್ಟಕ್ಕೆ ಬಿಡದೆ, ಬೇಕಾದ ಅಳತೆಗೆ, ಸಾವಿರಾರು ಪ್ರತಿಗಳಲ್ಲಿ, ಅಗ್ಗವಾಗಿ ಮಾಡಬೇಕು. ನೀರಿನಲ್ಲಿರುವ ಕೀಟನಾಶಕದ ಅಂಶವನ್ನು ಹಳ್ಳಿಯಲ್ಲೇ ಪತ್ತೆ ಮಾಡುವಂಥ ಗಾಜಿನ ಬಿಲ್ಲೆ ಸಿಗಬೇಕಾದರೆ ದುಬಾರಿ ಯಂತ್ರಗಳಿಗಿಂತ ಇಂಥ ಮುದ್ರೆಯ ದಾರಿಯೇ ಹೆಚ್ಚು ಭರವಸೆ ಹುಟ್ಟಿಸುತ್ತದೆ ಎಂಬುದು ನನ್ನ ಅನಿಸಿಕೆ. ತೊಡಕುಗಳೂ ಇವೆ. ಅಯಾನು ಆಳಕ್ಕಷ್ಟೇ ಹೋಗುವುದಿಲ್ಲ, ಪಕ್ಕಕ್ಕೂ ಹರಡಿ ಗೆರೆಯ ಅಂಚನ್ನು ಮಸುಕು ಮಾಡುತ್ತದೆ. ಅಚ್ಚು ಮತ್ತು ಗಾಜಿನ ನಡುವೆ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಸುತ್ತಲಿನ ಚಿತ್ತಾರವೆಲ್ಲ ಕೆಡುತ್ತದೆ.

ಕೇಳದೆಯೂ ನಡೆಯುವ ಅಯಾನುಗಳ ಕಾಟವೂ ಉಂಟು. ಮಳೆಗಾಲದಲ್ಲಿ ಕರಾವಳಿಯ ಊರೊಂದರ ಗಾಜಿನಂಗಡಿಗೆ ಹೋಗಿದ್ದೆ. ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದ ಹಾಳೆಗಳ ನಡುವೆ ಕಾಗದ ಇಟ್ಟಿದ್ದರು. ಕಾಗದ ಜಾರಿದ್ದ ಎರಡು ಹಾಳೆಗಳಲ್ಲಿ ಮಾತ್ರ ಬೆಳ್ಳಗಿನ ಮಬ್ಬು, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ. ‘ಎಷ್ಟು ಒರೆಸಿದ್ರೂ ಹೋಗೂದಿಲ್ಲ ಮಾರಾಯ್ರೆ, ಗಾಜಿಗೆ ರೋಗ ಬಂದದ್ದು’ ಎಂದರು ಅಂಗಡಿಯವರು. ರೋಗ ಎಂದದ್ದು ಸರಿಯಾಗಿಯೇ ಇತ್ತು. ಹಾಳೆಗಳ ನಡುವೆ ಸಿಕ್ಕಿದ ತೇವದಿಂದ ಹೈಡ್ರೋಜನ್ ಗಾಜಿನೊಳಗೆ ಹೋಗುತ್ತದೆ, ಸೋಡಿಯಂ ಹೊರಬರುತ್ತದೆ. ಹರಿದುಹೋಗಲು ದಾರಿಯಿಲ್ಲದ ಆ ಹನಿ ದಿನೇ ದಿನೇ ಕ್ಷಾರವಾಗಿ, ಕೊನೆಗೆ ಸಿಲಿಕಾ ಜಾಲವನ್ನೇ ಕರಗಿಸತೊಡಗುತ್ತದೆ. ಹಾಳೆ ಬಿಡಿಯಾಗಿದ್ದು ಮಳೆ ನೀರು ತೊಳೆದುಕೊಂಡು ಹೋಗುತ್ತಿದ್ದರೆ ಅಷ್ಟು ಹಾನಿಯಿಲ್ಲ. ಮನೆ ಕಟ್ಟುವವರು ಗಾಜು ತಂದು ತಿಂಗಳುಗಟ್ಟಲೆ ಒತ್ತಾಗಿ ಪೇರಿಸಿಡುವುದಾದರೆ ನಡುವೆ ಕಾಗದ ಇಡಿ, ಕಾಗದ ಒದ್ದೆಯಾದರೆ ಬದಲಿಸಿ.

ಇದಕ್ಕಿಂತ ದುಬಾರಿಯ ಕಾಟ ಸೌರಫಲಕಗಳದು. ಪಾವಗಡದಂಥ ದೊಡ್ಡ ಸೌರಸ್ಥಾವರಗಳಲ್ಲಿ ಫಲಕಗಳನ್ನು ಸಾಲಾಗಿ ಜೋಡಿಸುವುದರಿಂದ ಸಾಲಿನ ತುದಿಯ ಫಲಕದ ಒಳಗೂ ನೆಲಕ್ಕೆ ಜೋಡಿಸಿದ ಚೌಕಟ್ಟಿಗೂ ನಡುವೆ ನೂರಾರು ವೋಲ್ಟ್ ವ್ಯತ್ಯಾಸ ಬೀಳುತ್ತದೆ. ಬಿಸಿಲು, ತೇವ, ವೋಲ್ಟ್ ಮೂರೂ ಸೇರಿದಾಗ ಮೇಲಿನ ಗಾಜಿನ ಸೋಡಿಯಂ ಕೆಳಗಿನ ಸಿಲಿಕಾನ್ ಕೋಶದೊಳಗೆ ಇಳಿದು, ಅಲ್ಲಿನ ದೋಷಗಳಲ್ಲಿ ಸೇರಿಕೊಂಡು, ವಿದ್ಯುತ್ ಸೋರಿಹೋಗಲು ಹಾದಿ ಮಾಡಿಕೊಡುತ್ತದೆ. ಇಂಥ ತೊಂದರೆ ಬರದಂತೆ ಈಗ ಕೋಶದ ಮೇಲಿನ ಲೇಪವನ್ನೂ ಗಾಜು-ಕೋಶಗಳ ನಡುವಿನ ಪ್ಲಾಸ್ಟಿಕ್ ಪದರವನ್ನೂ ಬದಲಿಸಿ ಫಲಕ ತಯಾರಿಸುತ್ತಾರೆ. ಈಗಾಗಲೇ ಸೊರಗಿದ ಫಲಕಗಳಿಗೆ ಬೇರೆ ಉಪಾಯವಿದೆ: ಸಾಲಿಗೆ ಒಂದು ಪೆಟ್ಟಿಗೆ ಜೋಡಿಸುತ್ತಾರೆ, ಸೂರ್ಯ ಮುಳುಗಿದ ಮೇಲೆ ಅದು ಹಗಲಿನ ವಿರುದ್ಧ ದಿಕ್ಕಿನಲ್ಲಿ ವೋಲ್ಟ್ ಕೊಡುತ್ತದೆ, ಕೋಶಕ್ಕೆ ಇಳಿದಿದ್ದ ಸೋಡಿಯಂ ಅಲ್ಲಿಂದ ಹೊರಗೆ ಸರಿಯುತ್ತದೆ. ಹಾನಿ ಅತಿಯಾಗದಿದ್ದರೆ ಫಲಕ ಕಳೆದುಕೊಂಡ ಸಾಮರ್ಥ್ಯದ ಬಹುಪಾಲನ್ನು ಹೀಗೆ ಮರಳಿ ಪಡೆಯುತ್ತದೆ.